ಸೋರೆಕಾಯಿ ಹಲ್ವಾ ಸಂಭಾವನೆಯೇ ಎಂಬ ಬಗ್ಗೆ

ಇಂದ:
ಲಕ್ಷ್ಮಿಕಾಂತ, ನ್ಯಾಯಾಧೀಶರು,
ಫ್ರೇಜರ್ ಟೌನ್, ಬೆಂಗಳೂರು

ಗೆ:
ಅಧಿಕಾರಿಗಳು, ನ್ಯಾಯಾಧೀಶರ ನಡತೆ ಪರಿಶೀಲನಾ ಶಾಖೆ

ವಿಷಯ: ಪಾಠ ಹೇಳಿದ್ದಕ್ಕೆ ಬರುವ ಹಲ್ವಾ ತಿನ್ನಲು ಅನುಮತಿ ಕೋರಿ.

ಉಲ್ಲೇಖ: "ನ್ಯಾಯಾಧೀಶರು ಪಾಠ ಹೇಳಬಹುದು, ಅದಕ್ಕಾಗಿ ನಗದನ್ನಾಗಲಿ ವಸ್ತುವನ್ನಾಗಲಿ ಪಡೆಯತಕ್ಕದ್ದಲ್ಲ" ಎಂಬ ತಮ್ಮ ಪತ್ರ.

ಮಾನ್ಯರೇ,

1. ಸದರಿ ಅರ್ಜಿದಾರರು ಪಕ್ಕದ ಮನೆಯ ಕಾನೂನು ವಿದ್ಯಾರ್ಥಿನಿ ಸಾಮಿಯಾಳಿಗೆ ಭಾನುವಾರಗಳಂದು ಸಾಕ್ಷ್ಯ ಕಾಯ್ದೆಯ ಪಾಠ ಹೇಳುತ್ತಿದ್ದರು. ಆಕೆ ಇದೊಂದೇ ವಿಷಯದಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದಿದ್ದು, ಈ ಸಲದ್ದು ಕೊನೆಯ ಅವಕಾಶವಾಗಿರುತ್ತದೆ.

2. ಆಕೆಯ ಅಜ್ಜಿ (ಆಕೆ ಕರೆಯುವಂತೆ 'ದಾದಿ') ಶರ್ಫುನ್ನೀಸಾ ಅವರು ಪ್ರತಿ ಪಾಠಕ್ಕೂ ಒಂದು ಡಬ್ಬಿ ಸೋರೆಕಾಯಿ ಹಲ್ವಾ ಕಳುಹಿಸುತ್ತಿದ್ದರು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಕಲಬುರಗಿ ಕಡೆಯವರಾದ ಅರ್ಜಿದಾರರ ಪತ್ನಿ ರಾಜೇಶ್ವರಿ ಅವರ ಮನೆತನದಲ್ಲೇ ಇಲ್ಲದ ಕಾರಣ, ಅದು ಶೇಂಗಾ ಹೋಳಿಗೆ ತುಂಬಿಕೊಂಡು ಹೋಗುತ್ತಿತ್ತು. ಆದ್ದರಿಂದ ಲಾಭ ಯಾರಿಗಾಯಿತೆಂದು ಹೇಳುವುದು ಕಷ್ಟ. ನಷ್ಟವಾದದ್ದು ಅರ್ಜಿದಾರರ ಬೆಲ್ಟಿಗೆ.

3. ಆ ಮನೆಯವರದ್ದು ಯಾವ ನ್ಯಾಯಾಲಯದಲ್ಲೂ ಪ್ರಕರಣವಿರುವುದಿಲ್ಲ. ಇರುವ ಏಕೈಕ ವ್ಯಾಜ್ಯ ಹಾಲಿನವನೊಂದಿಗೆ. ಅದನ್ನು ಅಜ್ಜಿಯವರು ಬಾಗಿಲಲ್ಲೇ ನಿಂತು ಇತ್ಯರ್ಥಪಡಿಸುತ್ತಾರೆ.

4. ತಮ್ಮ ಪತ್ರ ಬಂದ ಕಾರಣ ಅರ್ಜಿದಾರರು ಅವರ ಬಾಗಿಲಿಗೆ ಹೋಗಿ, "ಅಮ್ಮಾ, ರೂಲ್ಸ್ ಅದರೀ, ಇನ್ಮ್ಯಾಲ ಏನೂ ಕಳಸಬ್ಯಾಡ್ರಿ" ಎಂದರು.

"ಹಂಗಾದ್ರೆ ಹುಡುಗಿನೂ ಕಳ್ಸಲ್ಲ, ಜಡ್ಜ್ ಸಾಬ್. ಉಸ್ತಾದ್‌ಗೆ ಏನೂ ಕೊಡ್ದೆ ಕಲ್ತಿದ್ದು ತಲೆಗೆ ಹತ್ತಲ್ಲ. ಮುಫತ್ ತಗೊಳ್ಳೋ ಜನ ಅಲ್ಲ ನಾವು!" ಎಂದು ಅವರು ಆದೇಶಿಸಿದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

5. ಅಂದಿನಿಂದ ಪಾಠ ನಿಂತಿದೆ. ಮೊನ್ನೆ ಸಾಮಿಯಾ ತಾರಸಿ ಗೋಡೆಯಾಚೆಯಿಂದ, "ಸಾರ್, ಮರಣ ಹೇಳಿಕೆ ಪಾಠ ಒಂದ್ಸಲ ಹೇಳ್ಬಿಡಿ ಸಾರ್, ದಾದಿ ನಮಾಜ್ ಮಾಡ್ತಿದ್ದಾರೆ" ಎಂದು ಪಿಸುಗುಟ್ಟಿದಳು. ಅರ್ಜಿದಾರರು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಕರೆ ಬಂದು, ಹುಡುಗಿ ಕಣ್ಣೊರೆಸಿಕೊಂಡು ಓಡಿದಳು. ಅರ್ಜಿದಾರರಿಗೆ ಕರುಳು ಚುರುಕ್ಕೆಂದಿತು. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದ ಕಾರಣ ಹಾಗೆಯೇ ಬರೆದಿದೆ.

ಆದ್ದರಿಂದ, ಪರೀಕ್ಷೆ ಮುಗಿಯುವವರೆಗಾದರೂ ಹಲ್ವಾ ಸ್ವೀಕರಿಸಲು ಅನುಮತಿ ನೀಡಬೇಕು. ಸಾಧ್ಯವಿಲ್ಲವೆಂದಾದಲ್ಲಿ, ತಮ್ಮ ಶಾಖೆಯ ಅಧಿಕಾರಿಯೊಬ್ಬರು ಖುದ್ದಾಗಿ ಬಂದು ಸದರಿ ನಿಯಮವನ್ನು ಶರ್ಫುನ್ನೀಸಾ ಅವರಿಗೆ ತಿಳಿಹೇಳಬೇಕು.

ಸದ್ಯಕ್ಕೆ ಬಾಯಿ ಕಟ್ಟಿಕೊಂಡಿರುವ
ತಮ್ಮ ವಿಶ್ವಾಸಿ,
ಲಕ್ಷ್ಮಿಕಾಂತ

ಲಗತ್ತು: ತಮ್ಮ ಪತ್ರದ ಪ್ರತಿ, ಸಾಮಿಯಾಳ ಹಾಲ್ ಟಿಕೆಟ್ ಪ್ರತಿ, ಡಬ್ಬಿಯ ಫೋಟೋ (ತೊಳೆದದ್ದು).

ವಿ.ಸೂ.: ಆ ಮನೆಯೊಳಗೆ ಕಾಲಿಟ್ಟವರು ಯಾರೂ ಈವರೆಗೆ ತಿನ್ನದೆ ಹೊರಬಂದಿಲ್ಲ, ಕರೆಂಟ್ ಮೀಟರ್ ನೋಡಲು ಬಂದವರೂ ತಿಂದೇ ಹೋಗಿದ್ದಾರೆ. ಪರೀಕ್ಷೆ ಹತ್ತಿರವಿರುವ ಕಾರಣ, ದಯವಿಟ್ಟು ಹಸಿದ ಅಧಿಕಾರಿಯನ್ನೇ ಕಳುಹಿಸಬೇಕಾಗಿ ಕೋರಿಕೆ.