ಮಾವನ ಕಂಬಳಿಯೊಳಗಿನ ಸುರಂಗ

ನನಗೊಂದು ಕಾಯಿಲೆಯಿದೆ. ನನಗೇ ಅರ್ಧ ತಿಳಿದ ವಿಷಯವನ್ನು ಎದುರಿನವರಿಗೆ ಪೂರ್ತಿ ತಿಳಿಸದೆ ಬಿಡಬಾರದೆಂಬ ಹಟ. ಚೆನ್ನಾಗಿ ಗೊತ್ತಿರುವುದರ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವವನಲ್ಲ. ಒಂಬತ್ತನೆಯ ವರ್ಗಕ್ಕೆ ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಕೈ ಕಟ್ಟಿಕೊಂಡು ನಿಂತೇ ಮುಗಿಸುತ್ತೇನೆ. ಆದರೆ ಬೆಳಕಿಗಿಂತ ವೇಗವಾಗಿ ಹೋಗಬಹುದೇ ಎಂಬಂಥ, ದೊಡ್ಡ ದೊಡ್ಡವರೂ ತಲೆ ಕೆರೆದುಕೊಳ್ಳುವ ಪ್ರಶ್ನೆ ಬಂದರೆ ಮುಗಿಯಿತು, ನನ್ನ ಮೈಮೇಲೆ ದೇವರು ಬಂದಂತೆಯೇ. ಕಳೆದ ವಾರ ವರ್ಗದಲ್ಲಿ ಬಂದಿತ್ತು.

ಬೆಳಕನ್ನು ಯಾವ ವಸ್ತುವೂ ಹಿಂದೆ ಹಾಕಲಾರದು ಎಂದು ಹೇಳಿ ಸುಮ್ಮನಾಗಬಹುದಿತ್ತು. ಪುಸ್ತಕದಲ್ಲಿರುವುದೂ ಅಷ್ಟೇ. ಆದರೆ ಮಕ್ಕಳ ಮುಖ ಬಾಡಿದ್ದು ಕಂಡು, ಓಟದಲ್ಲಿ ಗೆಲ್ಲಲಾಗದಿದ್ದರೂ ಅಡ್ಡದಾರಿ ಉಂಟು ಎಂದುಬಿಟ್ಟೆ. ಬಾಹ್ಯಾಕಾಶದ ಹಡಗು ನಿಂತಲ್ಲೇ ಇದ್ದು, ಮುಂದಿನ ಆಕಾಶ ಕುಗ್ಗಿ ಹಿಂದಿನದು ಹಿಗ್ಗಿದರೆ ಹಡಗು ಓಡದೆಯೇ ಮುಟ್ಟುತ್ತದೆ. ಇಲ್ಲವೇ ಆಕಾಶವನ್ನೇ ಮಡಿಚಿ ಎರಡು ತುದಿಗಳ ನಡುವೆ ಸುರಂಗ ಕೊರೆದರೆ, ಬೆಳಕಿಗೇ ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಯುವ ಹತ್ತಿರದ ನಕ್ಷತ್ರಕ್ಕೆ ನಾವು ಚಹಾ ಆರುವುದರೊಳಗೆ ಹೋಗಿ ಬರಬಹುದು. ಎರಡೂ ಕಾಗದದ ಮೇಲಿನ ಲೆಕ್ಕ ಎಂದೂ ಹೇಳಿದೆ. ಮಡಿಚುವುದನ್ನು ನಾಳೆ ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಕಾಗದ ಮಡಿಚಿ ತೋರಿಸುವುದು ಎಲ್ಲರೂ ಮಾಡುವ ಕೆಲಸ. ನನ್ನ ವರ್ಗದ ಮಕ್ಕಳು ಸಾಯುವ ತನಕ ಮರೆಯಬಾರದು ಎಂದು ಹಟ ತೊಟ್ಟೆ. ಮನೆಯಲ್ಲಿ ಕಂಬಳಿ ಬಿಸಿಲಿಗೆ ಹಾಕಿತ್ತು. ಅದು ಎಂಥ ಕಂಬಳಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮದು ಕುರಿ ಕಾಯ್ದ ಮನೆತನ. ಮನೆಯಲ್ಲಿ ಎಷ್ಟೇ ಸೋಫಾ ಇರಲಿ, ಹೆಣ್ಣು ಗಂಡಿನ ಮಾತು ಆಗುವುದು ಕಂಬಳಿಯ ಮೇಲೆ. ಹೊಲಿದ ಕಂಬಳಿ ನಡೆಯುತ್ತದೆ, ಹರಿದದ್ದರ ಮೇಲೆ ಹಿರಿಯರು ಕೂಡುವುದಿಲ್ಲ. ಈ ಕಂಬಳಿಯನ್ನು ನೇಯ್ದವರು ನನ್ನ ಮಾವ, ಹೆಂಡತಿ ಶಾಂತಾಳ ಅಪ್ಪ. ಅವರು ಈಗಿಲ್ಲ. ನನ್ನ ಮತ್ತು ಶಾಂತಾಳ ನಿಶ್ಚಯ ಆದದ್ದೂ ಇದರ ಮೇಲೆಯೇ. ಆ ರವಿವಾರವೇ ನಮ್ಮ ಮಗಳು ರೇಖಾಳದು ಆಗಬೇಕಿತ್ತು. ನೆಂಟರನ್ನು ಕರೆಯಲು ಶಾಂತಾ ಎರಡು ದಿನ ತವರೂರು ಸೋನ್ಯಾಳಕ್ಕೆ ಹೋಗಿದ್ದಳು.

ವರ್ಗದಲ್ಲಿ ಕಂಬಳಿ ಹಾಸಿ, ಈ ತುದಿ ನಮ್ಮೂರು ವಳಸಂಗ, ಆ ತುದಿ ನಕ್ಷತ್ರ ಎಂದೆ. ಮಡಿಚಿ ಎರಡನ್ನೂ ಕೂಡಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ. ಸುರಂಗ ಕಾಣಬೇಕಲ್ಲ ಎಂದು ಪ್ರಯೋಗಶಾಲೆಯ ಕಬ್ಬಿಣದ ಸಳಿ ತಂದು ಚುಚ್ಚಿದೆ. ಹಡಗೆಂದು ಹಿಡಿದಿದ್ದ ಸೀಮೆಸುಣ್ಣದ ಖಡು ಆ ತೂತಿನಲ್ಲಿ ಹಾಯಲಿಲ್ಲ. ಹಾಯಲೇಬೇಕೆಂದು ಸಳಿ ತಿರುವಿದೆ. ಹಳೆಯ ಉಣ್ಣೆ ಪಟಪಟ ಹರಿದು, ಖಡು ವಳಸಂಗ ಬಿಟ್ಟು ನಕ್ಷತ್ರಕ್ಕೆ ಹೋಗಿ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಮಡಿಕೆ ಬಿಚ್ಚಿದಾಗ ಸಿದ್ಧಾಂತ ಎಷ್ಟು ನಿಜ ಎಂದು ತಿಳಿಯಿತು. ಸುರಂಗಕ್ಕೆ ಎರಡು ಬಾಯಿ ಇರುತ್ತವೆ. ಕಂಬಳಿಯಲ್ಲಿಯೂ ಎರಡು ತೂತುಗಳಿದ್ದವು.

ಅಂಥ ಸುರಂಗ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ, ತೆರೆದಿಡಲು ಎಲ್ಲಿಯೂ ಸಾಕಷ್ಟು ಸಿಗದ ಋಣಾತ್ಮಕ ಶಕ್ತಿ ಬೇಕು ಎಂದು ಓದಿದ್ದೆ. ನನ್ನದು ಯಾವ ಶಕ್ತಿಯೂ ಇಲ್ಲದೆ ಬಾಯಿ ತೆರೆದೇ ಇತ್ತು. ಬೆಳಕನ್ನು ಹಿಂದೆ ಹಾಕಿದವನು ಹೊರಡುವ ಮೊದಲೇ ಬಂದು ಮುಟ್ಟುವ ಪೇಚೂ ಉಂಟಂತೆ. ವಿಜ್ಞಾನಿಗಳಿಗೆ ಅದು ತಲೆನೋವು. ನನಗೆ ಮಾತ್ರ ಆ ಸಂಜೆ ಅದಕ್ಕಿಂತ ಉಪಯೋಗದ ಸಂಗತಿ ಇನ್ನೊಂದು ಕಾಣಲಿಲ್ಲ. ಚುಚ್ಚುವ ಮೊದಲೇ ವರ್ಗಕ್ಕೆ ಮುಟ್ಟಿ, ನನ್ನ ಕೈಯಿಂದ ನಾನೇ ಸಳಿ ಕಸಿದುಕೊಳ್ಳಬಹುದಿತ್ತು. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಶಾಂತಾ ಬರುವುದರೊಳಗೆ ಸರಿಪಡಿಸಲೇಬೇಕೆಂದು ಮರುದಿನ ಬೆಳಿಗ್ಗೆ ಕಂಬಳಿಯನ್ನು ಗಾಡಿಗೆ ಕಟ್ಟಿ ಯಳವಿಗೆ ಹೋದೆ. ಅಲ್ಲಿ ಮಾಳಪ್ಪ ಕಾಕಾ ಎಂಬ ಮುದುಕರು ಇನ್ನೂ ಕಂಬಳಿ ನೇಯುತ್ತಾರೆ. ಇಲಿ ಕಡಿಯಿತೇ ಎಂದು ಕೇಳಿದರು. ಸುಳ್ಳು ಹೇಳಲು ಒಳ್ಳೆಯ ಅವಕಾಶವಿತ್ತು. ಆದರೆ ಕಾಯಿಲೆ ಬಿಡಬೇಕಲ್ಲ, ಆಕಾಶ, ಸುರಂಗ, ಬೆಳಕು ಎಲ್ಲವನ್ನೂ ವಿವರಿಸಿದೆ. ಅವರು ಶಾಂತವಾಗಿ ಕೇಳಿದರು.

"ಬೆಳಕಿನಕಿಂತ ಲಗೂನ ಹೋಗಿ ಏನ್ ಮಾಡಾವ್ರಿ ಮಾಸ್ತರ?" ಎಂದರು. ಆಮೇಲೆ ತೂತಿನ ಅಂಚು ತಿಕ್ಕಿ ನೋಡಿ, "ಇದು ನಿಮ್ಮ ಮಾವನ ಕೈ. ನಾ ರಫು ಮಾಡಿದ್ರ ತ್ಯಾಪಿ ಹಚ್ಚಿದಂಗ ಕಾಣತೈತಿ. ಅವನ ಹೆಣಿಗಿ ಬರೂದು ಒಬ್ಬಾಕಿಗೇ, ಅವನ ಮಗಳಿಗಿ" ಎಂದರು.

ಯಾರಿಂದ ಬಚ್ಚಿಡಬೇಕಿತ್ತೋ ಅವಳ ಹತ್ತಿರವೇ ಹೋಗಬೇಕಾಯಿತು. ಆ ದಿನ ಸಂಜೆ ಶಾಂತಾ ಬಂದು ಕಾಲು ತೊಳೆದುಕೊಳ್ಳುವ ತನಕ ಧೈರ್ಯ ಕೂಡಿಸಿಕೊಂಡು, ಅವಳ ಮುಂದೆ ಕಂಬಳಿ ಬಿಚ್ಚಿದೆ. ಈ ಸಲ ವಿಜ್ಞಾನ ಹೇಳಲಿಲ್ಲ. ನಾನೇ ಹರಿದೆ ಎಂದಷ್ಟೇ ಹೇಳಿದೆ. ಅವಳು ತೂತುಗಳ ಮೇಲೆ ಕೈಯಾಡಿಸಿ, ಒಂದೊಂದರಲ್ಲೂ ಬೆರಳು ತೂರಿಸಿ ಅಳೆದಳು. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಕಂಬಳಿಯ ಇನ್ನೊಂದು ಮೂಲೆ ತಿರುವಿ, ಬೊಗಸೆಯಷ್ಟಗಲದ ಹಳೆಯ ಹೊಲಿಗೆಯೊಂದನ್ನು ತೋರಿಸಿದಳು. ಇಷ್ಟು ವರ್ಷ ನಾನದನ್ನು ಕಂಡಿರಲೇ ಇಲ್ಲ.

"ನಮ್ಮ ನಿಶ್ಚಯದಾಗ ನೀವು ಕುಂತ ಜಾಗಾ ಇದು. ಹಿರ್ಯಾರು ಮಾತಾಡೂ ತನಕ ಒಂದೊಂದ ಎಳಿ ಹಿರಕೋತ ಕುಂತಿದ್ರಿ. ನೀವು ಹೋದ ಮ್ಯಾಲ ಅಪ್ಪ ಹೊಲಿದ. 'ಹುಡುಗ ಚಲೋ ಅದಾನ, ಖರೆ ಕೈ ಸುಮ್ಮ ಇರೂದಿಲ್ಲ' ಅಂದಿದ್ದ."

ಮಾವ ನನ್ನ ಬಿ.ಎಸ್ಸಿ. ನೋಡಿ ಮೆಚ್ಚಿದರೆಂದು ನಾನು ತಿಳಿದಿದ್ದೆ.

ಶಾಂತಾ ಎರಡು ದಿನ ಕೂತು, ಅಪ್ಪನ ಹೆಣಿಗೆಯಲ್ಲೇ ಎರಡೂ ಬಾಯಿ ಮುಚ್ಚಿದಳು. ರವಿವಾರ ಬೀಗರು ಬಂದು ಕಂಬಳಿಯ ಮೇಲೆ ಕೂತರು, ಮಾತು ಸುಸೂತ್ರವಾಗಿ ಆಯಿತು. ಕೂಡುವ ಮೊದಲು ಶಾಂತಾ ಎಲೆ ಅಡಿಕೆಯ ದೊಡ್ಡ ತಟ್ಟೆಯನ್ನು ತಂದು ನನ್ನ ಎರಡೂ ಕೈಗಳಲ್ಲಿ ಇಟ್ಟು, ಕೆಳಗಿಡಬಾರದೆಂದಳು. ಹೆಣ್ಣಿನ ತಂದೆಗೆ ಸಲ್ಲುವ ಮರ್ಯಾದೆ ಎಂದುಕೊಂಡು ನಾನು ಎದೆಯುಬ್ಬಿಸಿ ಎರಡು ತಾಸು ಹಿಡಿದು ಕೂತೆ. ಬೀಗರು ಎದ್ದು ಹೋದ ಮೇಲೆ ನೋಡಿದರೆ ಒಂದೇ ಒಂದು ಎಲೆಯೂ ಖರ್ಚಾಗಿರಲಿಲ್ಲ. ಹಂಚುವ ತಟ್ಟೆ ಬೇರೆಯೇ ಇತ್ತು.