ಆಮೆಯ ಕೆಳಗಿನ ಕೋಟು

ಕೋಟನ್ನು ವ್ಯಾನಿನಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವ್ಯಾನಿನ ತುಂಬ ಮಕ್ಕಳು, ಮಕ್ಕಳ ಕೈತುಂಬ ಐಸ್‌ಕ್ರೀಮು. ಟೈಲರಿಗೆ ಧೈರ್ಯ ಬರಲಿಲ್ಲ. ವಾರದ ರಜೆಯೆಂದು ಬೀದಿಯ ಅಂಗಡಿಯವರೆಲ್ಲ ಸೇರಿ ಕಡಲಾಮೆ ನೋಡಲು ಹೊರಟಿದ್ದರು. ಉಳಿದವರು ಬುತ್ತಿ ತಂದಿದ್ದರೆ ಇವನು ಕೋಟು ತಂದಿದ್ದ. ನೀರಿನಿಂದ ದೂರ, ಬಂಡೆಯೊಂದರ ಪಕ್ಕ, ದಪ್ಪ ಪ್ಲಾಸ್ಟಿಕ್ ಕವರಿನೊಳಗಿದ್ದ ಅದನ್ನು ಸುಕ್ಕು ಬೀಳದಂತೆ ಮಗುವಿನ ಹಾಗೆ ಮಲಗಿಸಿ, ಹೆಂಡತಿಯ ಜೊತೆ ದಡದ ಮೇಲೆ ಒಂದು ಸುತ್ತು ಹಾಕಲು ಹೋದ.

ಯಾವುದೋ ಆಫೀಸಿನ ಸಾಹೇಬರಿಗೆ ಅಂದು ಸಂಜೆ ಸನ್ಮಾನವಿತ್ತು. ಅವರ ಹೆಂಡತಿ ಹಳೆಯ ಕೋಟೊಂದನ್ನು ಅಳತೆಗೆಂದು ತಂದುಕೊಟ್ಟು, "ಅವರಿಗೆ ಹೇಳದೇ ಹೊಲಿಸ್ತಿದ್ದೀನಿ. ಚೆನ್ನಾಗಿ ಬಂದ್ರೆ ಆಫೀಸಿನವರ ಯೂನಿಫಾರ್ಮೆಲ್ಲ ನಿಮಗೇ ಕೊಡಿಸ್ತೀನಿ" ಎಂದಿದ್ದರು. ಎದುರುಗಡೆ ರೆಡಿಮೇಡ್ ಅಂಗಡಿ ಬಂದ ಮೇಲೆ ಟೈಲರು ಪ್ಯಾಂಟಿನ ಜಿಪ್ ಬದಲಾಯಿಸುತ್ತ ದಿನ ತಳ್ಳುತ್ತಿದ್ದ. ಯೂನಿಫಾರ್ಮು ಸಿಕ್ಕರೆ ಅಂಗಡಿ ಉಳಿಯುತ್ತಿತ್ತು, ಇಲ್ಲವಾದರೆ ಬಾಗಿಲು ಹಾಕಬೇಕಿತ್ತು. ವಾಪಸಾಗುವ ದಾರಿಯಲ್ಲೇ ಆ ಮೇಡಂ ಮನೆ. ಕೊಟ್ಟು ಹೋಗೋಣವೆಂದು ಕೋಟು ಜೊತೆಗೇ ಬಂದಿತ್ತು.

ಸುತ್ತು ಮುಗಿಸಿ ಬಂದು ನೋಡಿದರೆ ಒಂದಿದ್ದ ಬಂಡೆ ಎರಡಾಗಿತ್ತು. ಎರಡನೆಯದು ಕಣ್ಣು ಮಿಟುಕಿಸಿತು.

"ರೀ, ಆಮೆ!" ಎಂದು ಹೆಂಡತಿ ಕುಣಿದಳು. "ಎಷ್ಟು ದೊಡ್ಡದು ನೋಡಿ! ಪಾಪ, ಬಿಸಿಲು ಕಾಯಿಸ್ಕೊಳ್ಳೋಕೆ ಬಂದಿದೆ."

"ಅದರ ಹೊಟ್ಟೆ ಕೆಳಗೆ ಏನಿದೆ ನೋಡೇ!" ಎಂದ ಟೈಲರು. ಕವರಿನೊಳಗಿನ ಕೋಟಿನ ಒಂದು ತೋಳು ಮಾತ್ರ ಹೊರಗೆ ಇಣುಕುತ್ತಿತ್ತು.

ಅವನು ಮುನ್ನುಗ್ಗುವಷ್ಟರಲ್ಲಿ ಆಮೆ ಕಾಯುವ ಇಬ್ಬರು ಕಾವಲುಗಾರರು ಓಡಿ ಬಂದು ಆಮೆಯ ಸುತ್ತ ಹಗ್ಗ ಕಟ್ಟಿಬಿಟ್ಟರು.

"ನನ್ನ ಕೋಟು ಸ್ವಾಮಿ! ಒಂದೇ ಸಲ ಎಳ್ಕೊಂಡ್ಬಿಡ್ತೀನಿ."

"ಹತ್ರ ಹೋಗೋ ಹಾಗಿಲ್ಲ. ಅದು ತಾನಾಗೇ ಎದ್ದು ಹೋಗ್ಬೇಕು."

"ಯಾವಾಗ ಎದ್ದು ಹೋಗುತ್ತೆ?"

"ಅದನ್ನೇ ಕೇಳಿ."

ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದರು. ಕ್ಷೌರದಂಗಡಿಯವನಿಗೆ ಕತ್ತರಿಗಿಂತ ಬಾಯಿ ಚುರುಕು. "ಹಸಿವಾದ್ರೆ ಏಳುತ್ತೆ, ನನಗೆ ಬಿಡು" ಎಂದವನೇ ಬುತ್ತಿಯಲ್ಲಿದ್ದ ಎಲೆಕೋಸಿನ ಎಲೆಯೊಂದನ್ನು ಎಸೆದ. ಆಮೆ ಒಂದು ಕಣ್ಣು ತೆರೆದು ನೋಡಿತು, ಮೈ ಸ್ವಲ್ಪ ಆಚೆಗೆ ಸರಿಸಿತು, ಹೊರಗಿದ್ದ ತೋಳನ್ನೂ ಒಳಗೆ ಹಾಕಿಕೊಂಡಿತು. ಕಾವಲುಗಾರರು ಸಿಡಿಮಿಡಿಗೊಂಡು ಹಗ್ಗವನ್ನು ಇನ್ನೂ ಹಿಂದಕ್ಕೆ ಕಟ್ಟಿದರು.

ರೆಡಿಮೇಡ್ ಅಂಗಡಿಯವನು ಟೈಲರಿನ ಬೆನ್ನು ಸವರಿದ. "ತಲೆ ಕೆಡಿಸ್ಕೋಬೇಡಪ್ಪ. ನಮ್ಮಂಗಡಿಯಿಂದ ಒಂದು ಕೋಟು ತಗೊಂಡ್ಹೋಗಿ ಕೊಡು. ಎಲ್ಲಾ ಸೈಜೂ ಇದೆ." ಟೈಲರಿಗೆ ಮೈಯೆಲ್ಲ ಉರಿಯಿತು, ಬೆನ್ನಿನ ಮೇಲಿದ್ದ ಕೈ ಸರಿಸಿ ಆಮೆಯ ಕಡೆ ತಿರುಗಿದ.

ಹೊತ್ತು ಇಳಿಯತೊಡಗಿತು. ಹೆಂಡತಿ ಮಾತ್ರ ಮರಳಿನ ಮೇಲೆ ಕೂತು, "ಎಂಥಾ ಸಮಾಧಾನದ ಪ್ರಾಣಿ" ಎಂದು ಆನಂದಪಡುತ್ತಿದ್ದಳು. ಕೊನೆಗೆ ದೋಣಿಯೊಂದು ದಡ ಮುಟ್ಟಿ, ಗಲ್ಲದವರೆಗೂ ಉಬ್ಬಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅಧಿಕಾರಿಯೊಬ್ಬರು ಇಳಿದರು. ಕಾವಲುಗಾರರು ಸೆಲ್ಯೂಟ್ ಹೊಡೆದರು. ಕ್ಷೌರದವನು ಮುಂದೆ ಬಂದ.

"ಸಾರ್, ಅದು ಯಾರ ಕೋಟು ಗೊತ್ತಾ? ಭಾರೀ ದೊಡ್ಡ ಸಾಹೇಬರದ್ದು. ಒಂದು ಫೋನ್ ಮಾಡಿದ್ರೆ ನಿಮ್ಮ ಕೆಲಸಾನೇ ಹೋಗುತ್ತೆ!"

"ಮಾಡ್ಲಿ. ಈ ದಡದಲ್ಲಿ ಆಮೆಗಿಂತ ದೊಡ್ಡ ಸಾಹೇಬ ಯಾರೂ ಇಲ್ಲ" ಎಂದು ಅಧಿಕಾರಿ ಟೈಲರಿನ ಕಡೆ ತಿರುಗಿದರು. "ಅವರು ಬೇರೆ ಕೋಟು ಹಾಕ್ಕೊಳ್ಲಿ ಬಿಡ್ರಿ. ರೆಡಿಮೇಡ್ ಸಿಗಲ್ವಾ?"

ಟೈಲರಿನ ತಾಳ್ಮೆಯ ಕಟ್ಟೆ ಒಡೆಯಿತು.

"ಎಲ್ಲಿ ಸಿಗುತ್ತೆ ಸಾರ್? ಆ ಮನುಷ್ಯನ ಎಡಭುಜ ಎರಡು ಬೆರಳು ಕೆಳಗಿದೆ! ರೆಡಿಮೇಡ್ ಹಾಕಿದ್ರೆ ಮೊಳೆಗೆ ನೇತುಹಾಕಿದ ಹಾಗೆ ಕಾಣ್ತಾರೆ. ಅವರ ಹೆಂಡ್ತಿ ಏನಂದ್ರು ಗೊತ್ತಾ? 'ಇದು ಅವರಿಗೆ ಗೊತ್ತಿಲ್ಲ, ಗೊತ್ತಾಗಲೂಬಾರ್ದು. ಕನ್ನಡಿ ಮುಂದೆ ನಿಂತು, ನಾನು ಕಂಬದ ಹಾಗೆ ನೆಟ್ಟಗಿದ್ದೀನಿ ಅಂತ ಬೀಗ್ತಾರೆ' ಅಂದ್ರು. ಅದಕ್ಕೇ ಎಡಗಡೆ ಒಳಗೆ ಹತ್ತಿ ಇಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಹೊಲಿದಿದ್ದೀನಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಧಿಕಾರಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥಾ ಆಸಾಮಿ ರೀ ಅವನು! ತನ್ನ ಭುಜ ತನಗೇ ಗೊತ್ತಿಲ್ವಂತೆ!"

ಈ ಗದ್ದಲ ಸಹಿಸಲಾರದೆಯೋ ಏನೋ, ಆಮೆ ಎದ್ದಿತು. ತೆವಳುತ್ತ, ನಿಂತು ಉಸಿರುಬಿಡುತ್ತ, ನೀರು ಸೇರಿ ಮರೆಯಾಯಿತು. ಹೆಂಡತಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಟೈಲರು ಓಡಿಹೋಗಿ ಕವರು ಬಿಚ್ಚಿದ. ಕೋಟಿಗೆ ಏನೂ ಆಗಿರಲಿಲ್ಲ. ಅವನ ಇಸ್ತ್ರಿಪೆಟ್ಟಿಗೆಗೂ ಬಾರದ ನೇರವಾದ ಗೆರೆ ಬಂದಿತ್ತು.

"ಕೊಡಿ ಇಲ್ಲಿ, ನಾನೂ ಒಂದು ಸಲ ಹಾಕಿ ನೋಡ್ತೀನಿ" ಎಂದು ನಗುತ್ತಲೇ ಅಧಿಕಾರಿ ಲೈಫ್ ಜಾಕೆಟ್ ಬಿಚ್ಚಿದರು.

ಟೈಲರಿನ ಕಣ್ಣು ಕಸುಬಿನ ಅಭ್ಯಾಸದಂತೆ ಭುಜದ ಮೇಲೆ ಹೋಯಿತು. ಅಲ್ಲೇ ನಿಂತಿತು. ವಾರಗಟ್ಟಲೆ ಮೇಜಿನ ಮೇಲಿಟ್ಟುಕೊಂಡು ಅಳೆದಿದ್ದ ಹಳೆಯ ಕೋಟಿನ ಭುಜವೇ ಅದು. "ಬೇಡ ಸಾರ್" ಅನ್ನುವಷ್ಟರಲ್ಲಿ ಕೋಟು ಮೈಮೇಲಿತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅಧಿಕಾರಿಯ ನಗು ಮೆಲ್ಲಗೆ ನಿಂತಿತು. ಬಲಭುಜ ಮುಟ್ಟಿಕೊಂಡರು. ಎಡಭುಜ ಮುಟ್ಟಿಕೊಂಡರು. ಬೆರಳಿಗೆ ಹತ್ತಿ ಸಿಕ್ಕಿತು. ಕಾವಲುಗಾರರ ಕಡೆ ನೋಡಿ, "ಏನ್ರಯ್ಯಾ, ಹೌದಾ?" ಎಂದರು. ಇಬ್ಬರೂ ಸಮುದ್ರದ ಕಡೆ ಮುಖ ತಿರುಗಿಸಿದರು.

ಟೈಲರು ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಗೊತ್ತಿಲ್ಲದೆ ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ..."

"ಕೆಲಸ ಚೆನ್ನಾಗಿದೆ. ಸಂಜೆ ಇದನ್ನೇ ಹಾಕ್ಕೋತೀನಿ" ಎಂದು ಅವರು ಗುಂಡಿ ಹಾಕಿಕೊಂಡರು.

ಟೈಲರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ, ಆ ಯೂನಿಫಾರ್ಮು ಸಾರ್... ಮೇಡಂ ಹೇಳಿದ್ರು..."

"ಯೂನಿಫಾರ್ಮು ರೆಡಿಮೇಡಲ್ಲೇ ತಗೋತೀನಿ."

ರೆಡಿಮೇಡ್ ಅಂಗಡಿಯವನು ತಟ್ಟನೆ ಮುಂದೆ ಬಂದು ಕೈಮುಗಿದ.

"ಯಾಕೆ ಸಾರ್? ಹೊಲಿಗೆ ಚೆನ್ನಾಗಿದೆ ಅಂದ್ರಲ್ಲ?" ಎಂದು ಟೈಲರು ಅಂಗಲಾಚಿದ.

"ಚೆನ್ನಾಗಿದೆ. ಆದ್ರೆ ರೆಡಿಮೇಡಿನವರು ಯಾರ ಅಳತೇನೂ ತಗೊಳ್ಳಲ್ಲ" ಎಂದರು ಅಧಿಕಾರಿ.