ಹಡಗಿನ ಊಟಕ್ಕೆ ಏನು ಉಡೋದು?

ಬಟ್ಟೆಯ ವಿಷಯದಲ್ಲಿ ನನಗೆ ಆದಷ್ಟು ಅವಾಂತರ ನಮ್ಮ ಕಡೆ ಇನ್ಯಾರಿಗೂ ಆಗಿರಲಾರದು. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಹಾಗಾಗಬಾರದಿತ್ತು. ಆದರೆ ಆಗುತ್ತಲೇ ಬಂತು. ಅವುಗಳಲ್ಲಿ ಒಂದೇ ಒಂದು ಪ್ರಯಾಣಕ್ಕೆ ಸೇರಿದ ಕೆಲವನ್ನು ಇಲ್ಲಿ ಹೇಳುತ್ತೇನೆ. ನಗುವುದಾದರೆ ನಗಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಗ ನನಗೆ ನಗು ಬರಲಿಲ್ಲ ಅಷ್ಟೆ.

ಕಾಗದ

ಐವತ್ತರ ದಶಕದ ಕೊನೆ. ಶಿಡ್ಲಘಟ್ಟದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳು, ಹಿತ್ತಲಲ್ಲಿ ಗೂಡಿನಿಂದ ನೂಲು ಬಿಚ್ಚುವ ಚರಕ. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಎರಡನ್ನೂ ಅಮ್ಮನೇ ನೋಡಿಕೊಳ್ಳುತ್ತಿದ್ದಳು. ಹೊಸ ರೀತಿಯ ನೂಲು ತೆಗೆಯುವುದನ್ನು ಕಲಿತು ಬರಲು ಇಲಾಖೆಯವರು ನನ್ನನ್ನು ಜಪಾನಿಗೆ ಆರಿಸಿದರು. ಬೊಂಬಾಯಿಯಿಂದ ಹಡಗು.

ಹಡಗಿನವರಿಂದ ಒಂದು ಅಚ್ಚಾದ ಕಾಗದ ಬಂತು. ಅದನ್ನು ತೆಗೆದುಕೊಂಡು ಚಿಕ್ಕಬಳ್ಳಾಪುರದಲ್ಲಿ ನನಗೆ ಪಾಠ ಹೇಳಿದ್ದ ಹೆಡ್‌ಮಾಸ್ತರರ ಮನೆಗೆ ಹೋದೆ. ಅಮ್ಮನೂ ಬಂದಿದ್ದಳು. ಮಾಸ್ತರರು ಕನ್ನಡಕ ಏರಿಸಿ ಓದಿದರು. ಪ್ರಯಾಣದಲ್ಲಿ ಎರಡು ದಿನ ಕಪ್ತಾನರ ಜೊತೆ ವಿಶೇಷ ಊಟ. ಆ ಊಟಕ್ಕೆ ಗಂಡಸರು ಕಪ್ಪು ಕೋಟು, ಬಿಳಿ ಶರ್ಟು, ಕುತ್ತಿಗೆಗೆ ಕಪ್ಪು ಬೋ ಟೈ ಹಾಕಿರಬೇಕು.

"ಹಾಕದೇ ಇದ್ರೆ ಊಟಕ್ಕೆ ಕೂರಿಸಲ್ವಾ ಸ್ವಾಮಿ?" ಎಂದಳು ಅಮ್ಮ.

"ಕೂರಿಸಲ್ಲ ತಾಯಿ. ಕೂತಿದ್ರೂ ಎಬ್ಬಿಸಿಬಿಡ್ತಾರೆ."

ಅಮ್ಮ ಆಮೇಲೆ ಮಾತಾಡಲಿಲ್ಲ. ಇಂಥ ಬೆಲೆಬಾಳುವ ಕಾಗದ ಹರಿದುಹೋಗಬಾರದೆಂದು ಮಾಸ್ತರರು ತಾವೇ ಮೈದಾ ಅಂಟು ಕಾಯಿಸಿ ಅದನ್ನು ರಟ್ಟಿಗೆ ಅಂಟಿಸಿಕೊಟ್ಟರು. ಶಾಲೆಯ ಭೂಪಟಗಳನ್ನೆಲ್ಲ ಹಾಗೇ ಕಾಪಾಡಿದವರು ಅವರು. ಕಾಗದದ ಹಿಂದೆಯೂ ಅಚ್ಚಾಗಿರಬಹುದು ಎಂದು ನಮಗೆ ಮೂವರಿಗೂ ಹೊಳೆಯಲಿಲ್ಲ.

ಗೌರಿಬಿದನೂರಿನ ಪಂಕ್ತಿ

ಅಮ್ಮ ಯಾಕೆ ಮಾತು ನಿಲ್ಲಿಸಿದಳೆಂದು ನನಗೆ ಗೊತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಗೌರಿಬಿದನೂರಿನಲ್ಲಿ ದೂರದ ನೆಂಟರ ಮದುವೆ. ಅಪ್ಪ ಆ ದಿನವೂ ಬೆಳಿಗ್ಗೆ ಗೂಡು ಬೇಯಿಸಿ, ಇದ್ದ ನೂಲು ಬಿಚ್ಚಿ ಮುಗಿಸಿ, ಸ್ನಾನ ಮಾಡಿ, ಒಗೆದ ಅಂಗಿಯನ್ನೇ ತೊಟ್ಟು ಬಂದಿದ್ದ. ಆದರೆ ಗೂಡಿನೊಳಗೆ ಹುಳು ಬೆಂದ ವಾಸನೆ ಒಂದು ಸ್ನಾನಕ್ಕೆ ಹೋಗುವಂಥದ್ದಲ್ಲ. ಅದು ಉಗುರಿನಲ್ಲಿ ಕೂತಿರುತ್ತದೆ. ಎಲೆಗೆ ಅನ್ನ ಬಿದ್ದಿತ್ತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು, "ನೀವು ಕೊನೇ ಪಂಕ್ತಿಗೆ ಕೂತ್ಕೊಳ್ಳಿ, ಈಗ ಏಳಿ" ಎಂದರು. ಅಪ್ಪ ಎದ್ದ. ಕೊನೆಯ ಪಂಕ್ತಿಗೆ ನಾವು ನಿಲ್ಲಲಿಲ್ಲ.

ಆ ಅವಮಾನ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಅಪ್ಪ ಮಾತ್ರ ಮನೆಗೆ ಬಂದು ಮುದ್ದೆ ಮುರಿಯುತ್ತ ಅಮ್ಮನಿಗೆ ಹೇಳಿದ್ದು ಇಷ್ಟೇ. "ಮದುಮಗ ಉಟ್ಟಿದ್ದ ಪಂಚೆ ನೂಲು ನಮ್ಮ ಚರಕದ್ದೇ ಕಣೇ. ಅದರ ವಾಸನೆ ಯಾರಿಗೂ ಬರಲಿಲ್ಲ ನೋಡು."

ಮರಕ್ಕೆ ನೇತುಹಾಕಿದ ಕೋಟು

ಮಾಸ್ತರರಲ್ಲಿ ಒಂದು ಕಪ್ಪು ಕೋಟಿತ್ತು. ಅವರ ಮದುವೆಯ ಕಾಲದ್ದು. ಅದನ್ನು ಕೊಟ್ಟು ಕಳಿಸಿದರು. ಜೇಬು ಜೇಬಿಗೂ ನುಸಿ ಗುಳಿಗೆ ತುಂಬಿತ್ತು.

ಹುಳು ಸಾಕುವ ಮನೆಗೆ ಅಂಥ ಘಾಟು ವಾಸನೆ ಬರಕೂಡದು. ಅದರಲ್ಲೂ ನಮ್ಮ ಹುಳು ಆಗ ತಾನೇ ನಾಲ್ಕನೇ ಸಲ ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಹಾಕಿದ್ದವು. ಅಮ್ಮ ಹೊಸಿಲಿನಲ್ಲೇ ನನ್ನನ್ನು ತಡೆದಳು. "ನೀನು ಬೇಕಾದ್ರೆ ಒಳಗೆ ಬಾ ಕಣಪ್ಪ, ಅದು ಬರಕೂಡದು."

ಕೋಟನ್ನು ಬೀದಿಯಂಚಿನ ಹೊಂಗೆ ಮರದ ಕೊಂಬೆಗೆ ನೇತುಹಾಕಿದೆ. ಗಾಳಿಗೆ ಹಾರಬಾರದೆಂದು ಒಳಗೆ ಅಡ್ಡಕ್ಕೆ ಒಂದು ಕೋಲು ಕೊಟ್ಟೆ. ಬಿಸಿಲು ಕೋಟಿಗೆ ಒಳ್ಳೆಯದಲ್ಲವೆಂದು ಮೇಲೆ ನನ್ನ ಟೋಪಿ ಇಟ್ಟೆ.

ಸಂಜೆ ಪಕ್ಕದ ಮನೆಯ ಅಜ್ಜ ಹೊಲದಿಂದ ಬಂದರು. ಅವರಿಗೆ ಎರಡು ಕಣ್ಣಿಗೂ ಪೊರೆ. ತಮ್ಮ ಹಿಪ್ಪುನೇರಳೆ ತೋಟದ ಗಡಿಕಲ್ಲನ್ನು ಯಾರೋ ಸರಿಸಿದ್ದಾರೆಂದು ಅಮಲ್ದಾರರಿಗೆ ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ನಾನು ಹೊರಗೆ ಬರುವ ಹೊತ್ತಿಗೆ ಅಜ್ಜ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ಮರದ ಮುಂದೆ ನಿಂತು, ಗಡಿಕಲ್ಲಿನ ವಿಷಯವನ್ನು ತಮ್ಮ ತಾತನ ಕಾಲದಿಂದ ಹೇಳಿ ಮುಗಿಸುತ್ತಿದ್ದರು. ಕೊನೆಗೆ ಕೈಮುಗಿದು ಹೊರಟರು.

ನನ್ನನ್ನು ಕಂಡು ಮೆತ್ತಗೆ ಹೇಳಿದರು. "ಈ ಅಮಲ್ದಾರರು ಭಾಳ ಒಳ್ಳೇರು ಕಣಪ್ಪ. ಹಿಂದಿನೋರಂಗೆ ಮಧ್ಯೆ ಬಾಯಿ ಹಾಕ್ಲಿಲ್ಲ."

ಚಿಂತಾಮಣಿಯ ದರ್ಜಿ

ಮಾಸ್ತರರ ಕೋಟು ನನ್ನ ಮೊಣಕೈಗೇ ನಿಂತಿತು. ಹಾಗಾಗಿ ಚಿಂತಾಮಣಿಗೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ದರ್ಜಿ, ಬಿಳಿಯರ ಕಾಲದಲ್ಲಿ ಬೆಟ್ಟದ ಮೇಲಿನ ಬಂಗಲೆಗೆ ಇಪ್ಪತ್ತು ವರ್ಷ ಬಟ್ಟೆ ಹೊಲಿದವನೆಂದು ಪ್ರಸಿದ್ಧಿ. ಅವನು ನಾನು ತಂದಿದ್ದ ರಟ್ಟನ್ನು ನೋಡಲೂ ಇಲ್ಲ.

"ಊಟದ ಕೋಟು ತಾನೇ ನಾಯನಾ? ನನಗೆ ಹೇಳ್ಬೇಕಾ. ಕಣ್ಣು ಮುಚ್ಚಿ ಕತ್ತರಿಸ್ತೀನಿ."

ಅಳತೆ ತೆಗೆಯುವಾಗ ನನ್ನ ಎಡಗೈಯನ್ನು ಮಡಿಸಿ ನಿಲ್ಲಿಸಿದ. ಎಷ್ಟು ಹೊತ್ತು ಮಡಿಸಿದರೂ ಹಿಡಿಯಬಾರದು ಎಂದ. ಮುಂದಕ್ಕೆ ಬಗ್ಗಿಸಿ ನೋಡಿದ. ಬಗ್ಗಿದರೆ ಬೆನ್ನು ಬಿಗಿಯಬಾರದು ಎಂದ. ಮಗ್ಗುಲಲ್ಲಿ ಒಂದು ಉದ್ದನೆಯ ಜೇಬು ಇಟ್ಟು, ಬಿಳಿ ವಸ್ತ್ರ ಇಡೋದಕ್ಕೆ ಎಂದ. ನನಗೂ ಸಂತೋಷವಾಯಿತು. ಇಷ್ಟು ತಿಳಿದವನು ಸಿಕ್ಕಿದ್ದು ಪುಣ್ಯ ಎಂದುಕೊಂಡೆ.

"ಎಂಥೆಂಥ ದೊರೆಗಳಿಗೆ ಹೊಲಿದಿದ್ದೀರಿ?" ಎಂದು ಕೇಳಿದೆ.

"ದೊರೆಗಳು ಎಲ್ಲಿ ನಿಲ್ತಾರೆ ನಾಯನಾ? ಇವತ್ತು ಬರ್ತಾರೆ, ನಾಳೆ ಹೋಗ್ತಾರೆ. ಬಂಗಲೆಯಲ್ಲೇ ಇರೋರಿಗೆ ಹೊಲೀತಿದ್ದೆ."

ಆ ಮಾತಿನ ಅರ್ಥ ನನಗೆ ಸಮುದ್ರದ ಮಧ್ಯೆ ಆಯಿತು.

ಮೊದಲನೆಯ ಊಟ

ಹೊರಡುವ ದಿನ ಅಮ್ಮ ಟ್ರಂಕಿನ ತಳದಲ್ಲಿ ಅಪ್ಪನ ಜರಿ ಪೇಟ, ಪಂಚೆ, ಒಂದು ರೇಷ್ಮೆ ಶಲ್ಯ ಇಟ್ಟಳು. ಶಲ್ಯದ ನೂಲು ಅವಳೇ ಬಿಚ್ಚಿದ್ದು. ನಮ್ಮ ಕಡೆ ನೂಲು ಬಿಚ್ಚುವವರು ಯಾರೂ ರೇಷ್ಮೆ ಉಡುತ್ತಿರಲಿಲ್ಲ. ಇದೊಂದನ್ನು ಮಾತ್ರ ಎರಡು ಬೆಳೆಯಿಂದ ಸ್ವಲ್ಪ ಸ್ವಲ್ಪ ನೂಲು ಎತ್ತಿಟ್ಟು ನೇಯಿಸಿದ್ದಳು. ನಾಲ್ಕು ಸಲ ಒಗೆದು, ಸಾಂಬ್ರಾಣಿ ಹೊಗೆ ಕೊಟ್ಟು, ಮೂಗಿಗೆ ಹಿಡಿದು ನೋಡಿ, ಮತ್ತೆ ಒಗೆದಿದ್ದಳು.

"ಅಲ್ಲಿ ಉಡಬೇಡ. ಜೊತೇಲಿರಲಿ ಅಷ್ಟೆ" ಎಂದಳು. ಆಮೇಲೆ ಬೇರೆ ಕಡೆ ನೋಡುತ್ತ, "ಎಬ್ಬಿಸದೇ ಇದ್ರೆ ಸಾಕು" ಎಂದಳು.

ಹಡಗು ಕೊಲಂಬೊ ಬಿಟ್ಟ ಮೇಲೆ ಮೊದಲನೆಯ ವಿಶೇಷ ಊಟ. ಚಿಂತಾಮಣಿಯ ಕೋಟು ತೊಟ್ಟು, ಜೇಬಿನಲ್ಲಿ ಬಿಳಿ ವಸ್ತ್ರ ಇಟ್ಟು, ಊಟದ ಹಾಲಿನ ಬಾಗಿಲಲ್ಲಿ ನಿಂತೆ. ಎಲ್ಲಿ ಕೂರಬೇಕೆಂದು ನೋಡುತ್ತಿರುವಾಗ ದಪ್ಪನೆಯ ಒಬ್ಬ ಬಿಳಿಯ ಹೆಂಗಸು ಖಾಲಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಇನ್ನು ಸ್ವಲ್ಪ ಸೂಪು ಬೇಕು ಎಂದರು.

ನಮ್ಮ ಕಡೆ ಊಟಕ್ಕೆ ಹೋದ ಮನೆಯಲ್ಲಿ ಸೌಟು ಕೈಗೆ ಬಂದರೆ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ತಂದು ಬಡಿಸಿದೆ. ಪಕ್ಕದವರೂ ಬಟ್ಟಲು ಚಾಚಿದರು. ಬಡಿಸಲು ಇಳಿದ ಮೇಲೆ ಉಪಚಾರ ಬೇಡವೇ? ಸಾಕು ಎಂದವರಿಗೆಲ್ಲ, ಇಷ್ಟೇ ಇಷ್ಟು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದೆ. ಒಬ್ಬರು ಬಟ್ಟಲಿಗೆ ಕೈ ಅಡ್ಡ ಹಿಡಿದರು. ಸಂಕೋಚ ಇರಬೇಕೆಂದು ಬೆರಳ ಸಂದಿನಲ್ಲೇ ಸುರಿದೆ.

ಅವರು ಕೂಗಿಕೊಂಡ ಸದ್ದಿಗೆ ಬಡಿಸುವವರ ಮೇಸ್ತ್ರಿ ಓಡಿ ಬಂದ. ಗೋವೆಯವನು, ಸಜ್ಜನ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಾನೂ ಅವನನ್ನು ನೋಡಿದೆ. ಅದೇ ಕಪ್ಪು ಕೋಟು, ಹಾಗೇ ಮಡಿಸಿದ ಎಡಗೈ, ಮಗ್ಗುಲಲ್ಲಿ ಅದೇ ಉದ್ದನೆಯ ಜೇಬು. ಅವನ ಜೇಬಿನಲ್ಲೂ ಬಿಳಿ ವಸ್ತ್ರ.

ಬಂಗಲೆಯಲ್ಲೇ ಇರುವವರು ಯಾರೆಂದು ಆಗ ತಿಳಿಯಿತು.

ರಟ್ಟಿನ ಹಿಂದೆ

ಮಾರನೆಯ ದಿನ ಮೇಸ್ತ್ರಿಯೇ ನನ್ನನ್ನು ಕರೆದು ಗೋಡೆಯ ಮೇಲಿನ ಕಾಗದ ತೋರಿಸಿದ. ನನ್ನ ಹತ್ತಿರ ಇದ್ದದ್ದೇ. ಅದರ ಎರಡೂ ಬದಿ ಕಾಣುವಂತೆ ಎರಡು ಪ್ರತಿ ಹಚ್ಚಿದ್ದರು. ಹಿಂಬದಿಯ ಮೊದಲನೆಯ ಸಾಲು: ಇಲ್ಲವೇ, ಅವರವರ ದೇಶದ ಉಡುಪಿನಲ್ಲಿಯೂ ಬರಬಹುದು.

ನಂಬಿಕೆ ಬರಲಿಲ್ಲ. ಕೋಣೆಗೆ ಬಂದು ಮಾಸ್ತರರ ರಟ್ಟನ್ನು ನೀರಿನಲ್ಲಿ ನೆನೆಹಾಕಿ ಎರಡು ದಿನ ಕಾದೆ. ರಟ್ಟು ಕರಗಿತು, ಕಾಗದ ಕರಗಿತು. ಅಂಟು ಮಾತ್ರ ಹಾಗೇ ಉಳಿಯಿತು.

ಎರಡನೆಯ ಊಟ

ಹಾಂಗ್‌ಕಾಂಗ್ ದಾಟಿದ ಮೇಲೆ ಎರಡನೆಯ ಊಟ. ಅಪ್ಪನ ಪೇಟ ಸುತ್ತಿ, ಕಚ್ಚೆ ಹಾಕಿ ಪಂಚೆ ಉಟ್ಟು, ಅಮ್ಮನ ಶಲ್ಯ ಹೊದ್ದೆ. ಹೋಗುವ ಮುಂಚೆ ನಾನೂ ಶಲ್ಯವನ್ನು ಮೂಗಿಗೆ ಹಿಡಿದು ನೋಡಿದೆ. ಸಾಂಬ್ರಾಣಿಯ ಅಡಿಯಲ್ಲಿ ನಮ್ಮ ಹಿತ್ತಲು ಇನ್ನೂ ಇತ್ತು.

ಈ ಸಲ ಯಾರೂ ಬಟ್ಟಲು ಕೊಡಲಿಲ್ಲ. ಕಪ್ತಾನರ ಮೇಜಿಗೇ ಕರೆದು ಕೂರಿಸಿದರು. ನನ್ನ ಪಕ್ಕದಲ್ಲಿ ಎಂಬತ್ತರ ಹತ್ತಿರದ ಒಬ್ಬ ಜಪಾನಿ ಯಜಮಾನರು. ಎರಡು ತುತ್ತು ಆಗಿತ್ತು. ಅವರು ನನ್ನ ಕಡೆ ಬಾಗಿ ಗಾಳಿಯನ್ನು ಮೂಸಿದರು. ಶಲ್ಯದ ಅಂಚು ಹಿಡಿದು ಎರಡು ಬೆರಳಲ್ಲಿ ಉಜ್ಜಿ, ಮತ್ತೆ ಮೂಸಿ, ಹರಕು ಇಂಗ್ಲಿಷಿನಲ್ಲಿ ಕೇಳಿದರು.

"ಈ ನೂಲು ಬಿಚ್ಚಿದವರು ಯಾರು?"

"ನನ್ನ ತಾಯಿ" ಎಂದೆ.

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದುಬಿಟ್ಟರು. ಅವರ ಆಚೆ ಪಕ್ಕ ಕೂತಿದ್ದ ಮಗನೂ ಎದ್ದ. ಅವರನ್ನು ನೋಡಿ ಕಪ್ತಾನರು ಎದ್ದರು. ಇಡೀ ಮೇಜು ಎದ್ದಿತು.

ನನಗೆ ಕಂಡದ್ದು ಗೌರಿಬಿದನೂರು. ವಾಸನೆ ಬಂತು, ಮುಗಿಯಿತು ಎಂದುಕೊಂಡೆ. ಹಿರಿಯರು ಎದ್ದ ಮೇಲೆ ಪಂಕ್ತಿಯಲ್ಲಿ ಕೂತಿರುವಂತೆಯೂ ಇಲ್ಲ. ಎಲೆ ಮಡಿಸಲು ಕೈ ಹೋಯಿತು, ಪಿಂಗಾಣಿ ತಟ್ಟೆ ಮಡಿಯಲಿಲ್ಲ. ತಲೆ ತಗ್ಗಿಸಿ ಎದ್ದು ಹೋಗಿ, ಕೈ ತೊಳೆದು, ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಅಪ್ಪನ ನೆನಪು ಬಂದು ಅಳು ಬಂತು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಬಾಗಿಲು ಬಡಿದ. "ಸ್ವಾಮಿ, ಬೇಗ ಬನ್ನಿ. ಆ ಯಜಮಾನರ ತಾಯಿಯೂ ನೂಲು ಬಿಚ್ಚುತ್ತಿದ್ದರಂತೆ. ಆ ವಾಸನೆ ಸಿಕ್ಕಿ ಅರವತ್ತು ವರ್ಷವಾಯಿತಂತೆ. ನಿಮ್ಮ ತಾಯಿಗೆ ನಮಸ್ಕಾರ ಮಾಡಲು ಎದ್ದರು. ನೀವು ಬಂದು ಕೂರುವವರೆಗೆ ಅವರು ಕೂರಲ್ಲ. ಅವರು ಕೂರದೆ ಯಾರೂ ಕೂರ್ತಿಲ್ಲ. ಊಟ ಎಲ್ಲ ಆರಿಹೋಗ್ತಿದೆ."

ಹೋದೆ. ಎಲ್ಲರೂ ನಿಂತೇ ಇದ್ದರು. ನಾನು ಕೂತ ಮೇಲೆ ಕೂತರು.

ಎಂಟು ತಿಂಗಳಿಗೆ ಊರಿಗೆ ಬಂದೆ. ಅಮ್ಮ ಹಿತ್ತಲಲ್ಲಿ ಚರಕದ ಮುಂದಿದ್ದಳು. ಜಪಾನಿನ ವಿಷಯ ಏನೂ ಕೇಳಲಿಲ್ಲ. ಬಿಸಿನೀರಿನ ಗೂಡುಗಳ ಮೇಲೇ ಕಣ್ಣಿಟ್ಟು ಒಂದೇ ಮಾತು ಕೇಳಿದಳು.

"ಎಬ್ಬಿಸಿದ್ರಾ?"

"ಇಲ್ಲಮ್ಮ. ಅವರೇ ಎದ್ರು" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಚರಕ ನಿಂತಿತು. ಎಳೆ ಹರಿಯಿತು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಹರಿದ ಎಳೆಯನ್ನು ಹುಡುಕಿ ಸೇರಿಸುತ್ತ, ಬೈಯುವ ದನಿಯಲ್ಲಿ ಹೇಳಿದಳು.

"ಅವರು ಎದ್ರೆ ಎದ್ಕೊಳ್ಳಲಿ. ನೀನ್ಯಾಕಪ್ಪ ಅನ್ನ ಬಿಟ್ಟು ಎದ್ದೆ?"